ಮಕ್ಕಳ ಟಿಬಿಗೆ ಮಲದ ಪರೀಕ್ಷೆ: ಅದರ ನಿಖರತೆಯನ್ನು ನಾವು ಅಳೆದ ಬಗೆ

ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ನುಂಗಿಬಿಡುತ್ತವೆ. ಹಾಗೆ ನುಂಗಿದ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಮಲದಲ್ಲಿ ಹುಡುಕುವ ಎಕ್ಸ್‌ಪರ್ಟ್ ಪರೀಕ್ಷೆ ಎಷ್ಟು ನಂಬಿಕಸ್ತ ಎಂದು ತುಮಕೂರು ಜಿಲ್ಲೆಯಲ್ಲಿ ನೋಡಹೊರಟಾಗ ಹೆಚ್ಚು ಶ್ರಮ ಬೇಡಿದ್ದು ಯಾವ ಮಗುವಿಗೆ ನಿಜವಾಗಿ ಟಿಬಿ ಇದೆ ಎಂಬ ತೀರ್ಮಾನ. ಮಕ್ಕಳಲ್ಲಿ ಬ್ಯಾಕ್ಟೀರಿಯಾ ಕಡಿಮೆ. ಕಾಯಿಲೆ ಇದ್ದರೂ ಎಷ್ಟೋ ಸಲ ಕಲ್ಚರ್ (ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಬರುತ್ತದೆ. ಕಲ್ಚರ್ ಒಂದನ್ನೇ ಅಳತೆಗೋಲು ಮಾಡಿದರೆ, ಅದು ಬಿಟ್ಟ ಮಗುವನ್ನು ಹೊಸ ಪರೀಕ್ಷೆ ಹಿಡಿದರೂ ತಪ್ಪು ಪಾಸಿಟಿವ್ ಎಂದೇ ಬರೆಯಬೇಕಾಗುತ್ತದೆ.

ಅದಕ್ಕೆ 2015ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ವರ್ಗೀಕರಣವನ್ನು ಹಿಡಿದೆವು. ಉಸಿರಾಟದ ಮಾದರಿಯಲ್ಲಿ ಕಲ್ಚರ್ ಅಥವಾ ಎಕ್ಸ್‌ಪರ್ಟ್ ಪಾಸಿಟಿವ್ ಆದರೆ ಖಚಿತ ಟಿಬಿ. ಆಗದಿದ್ದರೆ ಲಕ್ಷಣ, ಎಕ್ಸ್‌ರೇ, ಟಿಬಿ ರೋಗಿಯ ಸಂಪರ್ಕ ಅಥವಾ ಮಾಂಟೂ (ಟಿಬಿ ಸೋಂಕಿಗಾಗಿ ಮಾಡುವ ಚರ್ಮದ ಪರೀಕ್ಷೆ) ಪಾಸಿಟಿವ್, ಚಿಕಿತ್ಸೆಗೆ ಸ್ಪಂದನೆ ಈ ನಾಲ್ಕರಲ್ಲಿ ಎರಡಾದರೂ ಇದ್ದರೆ ಖಚಿತಪಡದ ಟಿಬಿ. ಉಳಿದವರು ಟಿಬಿ ಸಂಭವ ಕಡಿಮೆ ಇರುವವರು. ಮಲದ ಫಲಿತಾಂಶ ಈ ತೀರ್ಮಾನದೊಳಗೆ ನುಸುಳಲೇಬಾರದು. ವರ್ಗ ನಿರ್ಧರಿಸುವ ವೈದ್ಯರಿಗೆ ಹೋಗುವ ಕಡತದಿಂದ ಆ ಹಾಳೆಯನ್ನೇ ತೆಗೆದಿಡುತ್ತೇವೆ. ಇಲ್ಲದಿದ್ದರೆ ಪರೀಕ್ಷೆ ತನಗೆ ತಾನೇ ಸಾಕ್ಷಿ ಹೇಳಿದಂತಾಗುತ್ತದೆ.

ಸೇರಿಸಿಕೊಳ್ಳುವುದು ಅನುಮಾನವಿರುವ ಎಲ್ಲ ಮಕ್ಕಳನ್ನೂ, ಸಾಲಾಗಿ: ಎರಡು ವಾರ ಮೀರಿದ ಕೆಮ್ಮು ಅಥವಾ ಜ್ವರ, ಏರದ ತೂಕ. ತೂಕಕ್ಕೆ ಅಂಗನವಾಡಿಯ ತಾಯಿ ಕಾರ್ಡ್ ನೋಡುತ್ತೇವೆ. ಒಂದು ಕಡೆ ಟಿಬಿ ವಾರ್ಡಿನ ಮಕ್ಕಳು, ಇನ್ನೊಂದು ಕಡೆ ಆರೋಗ್ಯವಂತ ಶಾಲಾಮಕ್ಕಳು ಎಂದು ಆರಿಸಿದರೆ ಯಾವ ಪರೀಕ್ಷೆಯೂ ಚೆನ್ನಾಗಿಯೇ ಕಾಣುತ್ತದೆ.

ಹೋಲಿಕೆಗೆ, ನುಂಗಿದ ಕಫ ಇರುವ ಜಠರದ ದ್ರವ ಬೇಕು; ಮೇಲೆ ಹೇಳಿದ ಉಸಿರಾಟದ ಮಾದರಿ ಇದೇ. ಹಿಂದಿನ ಸಂಜೆಯೇ ದಾಖಲು. ಬೆಳಗಿನ ಜಾವ ಎದೆಹಾಲೂ ಕೊಡಬಾರದೆಂದು ತಾಯಿಗೆ ಮಾತ್ರವಲ್ಲ, ಜೊತೆಗಿರುವ ಅಜ್ಜಿಗೂ ಹೇಳಬೇಕು. ಮಗು ಹಾಸಿಗೆ ಬಿಟ್ಟೇಳುವ ಮುಂಚೆ ಮೂಗಿನ ನಳಿಕೆ ಹಾಕಿ 5ರಿಂದ 10 ಮಿ.ಲೀ. ಎಳೆಯುತ್ತೇವೆ. ಆಮ್ಲ ಬ್ಯಾಕ್ಟೀರಿಯಾವನ್ನು ಕೊಲ್ಲುವುದರಿಂದ ಅಷ್ಟೇ ಪ್ರಮಾಣದ ಸೋಡಿಯಂ ಬೈಕಾರ್ಬನೇಟ್ ದ್ರಾವಣವನ್ನು ಹಾಸಿಗೆಯ ಪಕ್ಕದಲ್ಲೇ ಬೆರೆಸಬೇಕು. ಪಾವಗಡದಲ್ಲಿ ತೆಗೆದದ್ದನ್ನು ತುಮಕೂರಿಗೆ ತಂದಮೇಲೆ ಬೆರೆಸಿದರೆ ಕಲ್ಚರ್ ಬೆಳೆಯದೆ ಹೋಗುತ್ತದೆ, ತಪ್ಪು ಮಲದ ಪರೀಕ್ಷೆಯ ತಲೆಗೆ ಬರುತ್ತದೆ.

ಮಲದ ಕೆಲಸ ಸುಲಭ. ಅಗಲ ಬಾಯಿಯ ಡಬ್ಬಿಯ ಜೊತೆ ಒಂದು ಪ್ಲಾಸ್ಟಿಕ್ ಹಾಳೆಯನ್ನೂ ಕೊಟ್ಟರೆ ಮಣ್ಣು, ಮೂತ್ರ ಸೇರುವುದಿಲ್ಲ. ಸುಮಾರು 0.8 ಗ್ರಾಂ ಮಲವನ್ನು 8 ಮಿ.ಲೀ. ಸ್ಯಾಂಪಲ್ ರೀಏಜೆಂಟಿಗೆ (ಪರೀಕ್ಷೆಯ ಕಿಟ್ಟಿನ ರಾಸಾಯನಿಕ ದ್ರಾವಣ) ಹಾಕಿ 30 ಸೆಕೆಂಡು ಜೋರಾಗಿ ಅಲ್ಲಾಡಿಸಿ, 10 ನಿಮಿಷ ಬಿಟ್ಟು, ಮತ್ತೊಮ್ಮೆ ಅಲ್ಲಾಡಿಸಿ 10 ನಿಮಿಷ ಇಡಬೇಕು. ಮೇಲಿನ ತಿಳಿಯಲ್ಲಿ 2 ಮಿ.ಲೀ. ಮಾತ್ರ ಯಂತ್ರದೊಳಗೆ ಇಡುವ ಕಾರ್ಟ್ರಿಡ್ಜ್‌ಗೆ. ಹೆಚ್ಚು ಇದ್ದರೆ ಒಳ್ಳೆಯದೆಂದು ಮಲ ಜಾಸ್ತಿ ಹಾಕಿದರೆ, ಅಥವಾ ತಳದ ಕಣ ಪಿಪೆಟ್ಟಿಗೆ ಬಂದರೆ, ಯಂತ್ರ ಎರರ್ ತೋರಿಸುತ್ತದೆ. ಆ ಎರರ್‌ಗಳನ್ನು ಲೆಕ್ಕದಿಂದ ಕೈಬಿಡಬಾರದು, ಬೇರೆಯಾಗಿ ವರದಿ ಮಾಡಬೇಕು. ಮರುಪರೀಕ್ಷೆಗೆ ಅದೇ ಕುಟುಂಬ ಮತ್ತೆ ಬಸ್ಸು ಹತ್ತಬೇಕಲ್ಲ!

ಎಕ್ಸ್‌ರೇಯನ್ನು ಇಬ್ಬರು ಬೇರೆಬೇರೆಯಾಗಿ ಓದುತ್ತಾರೆ, ಒಮ್ಮತವಿಲ್ಲದಿದ್ದರೆ ಮೂರನೆಯವರು. ಅಳುವ ಮಗು ಹೊರಳಿದ ಫಿಲ್ಮಿನಲ್ಲಿ ಟಿಬಿಯಲ್ಲಿ ಊದುವ ದುಗ್ಧಗ್ರಂಥಿ ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ. ಅಂಥದ್ದನ್ನು ಮತ್ತೆ ತೆಗೆಸುತ್ತೇವೆ.

ನನ್ನ ಮಟ್ಟಿಗೆ ಇಡೀ ಅಧ್ಯಯನ ನಿಂತಿರುವುದು ಎರಡು ತಿಂಗಳ ನಂತರದ ಭೇಟಿಯ ಮೇಲೆ. ಚಿಕಿತ್ಸೆ ಪಡೆದ ಮಗುವಿನಷ್ಟೇ ಪಡೆಯದ ಮಗುವನ್ನೂ ನೋಡಬೇಕು. ಔಷಧಿಯಿಲ್ಲದೆ ಚೇತರಿಸಿಕೊಂಡಿದ್ದರೆ ಟಿಬಿ ಅಲ್ಲವೆನ್ನಲು ಅದೇ ಬಲವಾದ ಆಧಾರ. ಪಾವಗಡ, ಶಿರಾ ಕಡೆಯವರು ಕೂಲಿಗೆ ಬೆಂಗಳೂರಿಗೆ ಹೋಗಿಬಿಡುತ್ತಾರೆ. ಊರಲ್ಲೇ ಉಳಿಯುವ ಬಂಧುವೊಬ್ಬರ ನಂಬರನ್ನು ಮೊದಲ ದಿನವೇ ಬರೆದುಕೊಳ್ಳಿ.

ಸಂವೇದನಾಶೀಲತೆಯನ್ನು, ಅಂದರೆ ಟಿಬಿ ಇರುವ ಮಕ್ಕಳಲ್ಲಿ ಎಷ್ಟು ಪಾಲನ್ನು ಪರೀಕ್ಷೆ ಹಿಡಿಯುತ್ತದೆ ಎಂಬುದನ್ನು, ಎರಡು ಸಲ ಲೆಕ್ಕ ಹಾಕುತ್ತೇವೆ: ಖಚಿತ ಮಕ್ಕಳಲ್ಲಿ ಒಮ್ಮೆ, ಖಚಿತಪಡದವರನ್ನೂ ಸೇರಿಸಿ ಇನ್ನೊಮ್ಮೆ. ಜೊತೆಗೆ ವಿಶ್ವಾಸಾರ್ಹತೆಯ ವ್ಯಾಪ್ತಿ (ನಿಜ ಮೌಲ್ಯ ಇರಬಹುದಾದ ಅಂತರ) ಕಡ್ಡಾಯ. 20 ಖಚಿತ ಮಕ್ಕಳಲ್ಲಿ 14 ಪಾಸಿಟಿವ್ ಆದರೆ ಶೇ. 70 ಎನ್ನುತ್ತೇವೆ, ಆದರೆ ನಿಜ ಮೌಲ್ಯ ಶೇ. 48ರಿಂದ 85ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಎಕ್ಸ್‌ಪರ್ಟ್‌ನ ಹೊಸ ರೂಪವಾದ ಅಲ್ಟ್ರಾ ಕಾರ್ಟ್ರಿಡ್ಜ್ ಕೊಡುವ ‘ಟ್ರೇಸ್’ (ಅತ್ಯಲ್ಪ ಡಿಎನ್‌ಎ ಸಿಕ್ಕಿದೆ ಎಂಬ) ಫಲಿತಾಂಶವನ್ನು ಮಕ್ಕಳಲ್ಲಿ ಪಾಸಿಟಿವ್ ಎಂದೇ ಎಣಿಸಿ, ಕೋಷ್ಟಕದಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಕೊಡುತ್ತೇವೆ.