ನೆಲದಿಂದ ಏಳೋದನ್ನ ಮತ್ತೆ ಕಲಿತೆ

ಮೂರು ವರ್ಷದ ಹಿಂದಿನ ಮಾತು. ಅಕ್ಕನ ಮೊಮ್ಮಗಳ ಮದುವೆಯಲ್ಲಿ ನೆಲದ ಪಂಕ್ತಿಗೆ ಕೂತು ಮಾದಲಿಯ ಸಿಹಿಯೂಟ ಮಾಡಿದೆ. ಏಳಲು ಹೋದರೆ ಆಗಲೇ ಇಲ್ಲ. ಬಲಗೈ ಎಂಜಲು, ಎಡಗೈಗೆ ಬಲ ಸಾಲದು. ಕೊನೆಗೆ ಬಡಿಸುವ ಹುಡುಗರಿಬ್ಬರು "ಏಳ್ರಿ ಅಮ್ಮಾ" ಅಂತ ರಟ್ಟೆ ಹಿಡಿದು ಎಬ್ಬಿಸಿದರು. ಆಗ ನನಗೆ 66.

ನಾಚಿಕೆಗಿಂತ ಆಶ್ಚರ್ಯವೇ ಜಾಸ್ತಿ ಆಯಿತು. ದಿನಾ ಬೆಳಿಗ್ಗೆ ನವನಗರದಲ್ಲಿ ಮುಕ್ಕಾಲು ಗಂಟೆ ವಾಕಿಂಗ್ ಮಾಡುವವಳು ನಾನು. ಶುಗರ್ ಕೂಡ ಹಿಡಿತದಲ್ಲಿತ್ತು. ಆಮೇಲೆ ಹೊಳೆಯಿತು. ಹಳೇ ಬಾಗಲಕೋಟೆಯಲ್ಲಿದ್ದಾಗ ರೊಟ್ಟಿ ಬಡಿಯಲು, ಕಾಳು ಹಸನು ಮಾಡಲು ದಿನಕ್ಕೆ ಎಷ್ಟು ಸಲ ಕೂತೇಳುತ್ತಿದ್ದೆ! ಆಲಮಟ್ಟಿ ಹಿನ್ನೀರಿಗೆ ಮನೆ ಹೋಯಿತು. ಇಲ್ಲಿ ನವನಗರದ ಮನೆಯಲ್ಲಿ ಗ್ಯಾಸ್ ಕಟ್ಟೆ, ಡೈನಿಂಗ್ ಟೇಬಲ್, ಕಮೋಡು. ನೆಲದ ನಂಟೇ ಬಿಟ್ಟುಹೋಗಿತ್ತು.

ಉಮೇದಿನಲ್ಲಿ ಒಂದೇ ದಿನ 40 ಬಸ್ಕಿ ಹೊಡೆದೆ. ಮೊಣಕಾಲು ಬಾತು ಹದಿನೈದು ದಿನ ಮಂಚ ಹಿಡಿದೆ. ಫಿಸಿಯೋಥೆರಪಿಸ್ಟ್ ನಕ್ಕು, ಗೋಡೆಗೆ ಒತ್ತಿಟ್ಟ ಕುರ್ಚಿ ತೋರಿಸಿದರು. ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರ್ತೀರಿ ನೋಡೋಣ ಅಂದರು. 7 ಸಲಕ್ಕೇ ಸುಸ್ತಾದೆ. ನನ್ನ ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿಯಂತೆ. ನಡಿಗೆ ಹೃದಯಕ್ಕೆ ಒಳ್ಳೇದು, ಆದರೆ ತೊಡೆಗೆ ಬಲ ಬರಲು ಅದೊಂದೇ ಸಾಲದು ಅಂದರು.

ಪಾದ ತುಸು ಹಿಂದಕ್ಕೆ ಎಳೆದು, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಬಾಗಿ ಏಳಬೇಕು. ಕೂರುವಾಗ ಧೊಪ್ಪಂತ ಬೀಳಬಾರದು, ಮೂರು ಎಣಿಸುತ್ತಾ ಇಳಿಯಬೇಕು. ನಿಜವಾದ ಕಸರತ್ತು ಈ ಇಳಿಯೋದರಲ್ಲೇ ಇದೆ. 8 ಸಲ ಮಾಡಿ ದಣಿವಾರಿಸಿಕೊಂಡು ಮತ್ತೆ 8. ವಾರಕ್ಕೆ ಮೂರು ದಿನ ಅಷ್ಟೇ. ಎರಡು ತಿಂಗಳಾದ ಮೇಲೆ ಎರಡು ಕೆಜಿ ಜೋಳದ ಹಿಟ್ಟಿನ ಚೀಲ ಎದೆಗವಚಿಕೊಂಡು ಶುರು ಮಾಡಿದೆ. ನಮ್ಮ ಕಡೆ ಗಂಡಸರು ಸಂಗ್ರಾಣಿ ಕಲ್ಲು ಎತ್ತಿದರೆ ಊರೇ ಶಿಳ್ಳೆ ಹೊಡೆಯುತ್ತೆ. ನನ್ನ ಚೀಲಕ್ಕೆ ಮೊಮ್ಮಗ ಒಬ್ಬನದೇ ಚಪ್ಪಾಳೆ.

ಹಾಲು ಕಾಯುವವರೆಗೆ ಸುಮ್ನೆ ಯಾಕೆ ನಿಲ್ಲೋದು ಅಂತ ಕಟ್ಟೆ ಹಿಡಿದು ಹಿಮ್ಮಡಿ ಎತ್ತುತ್ತೇನೆ. ಊಟಕ್ಕೆ ಮಡಕಿ ಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು.

ನೆಲಕ್ಕೆ ಇಳಿದದ್ದು ಆರು ತಿಂಗಳಿಗೆ. ಮೊದಮೊದಲು ಮಂಡಿಯೂರಿ, ಒಂದು ಪಾದ ಮುಂದಿಟ್ಟು, ಮಂಚ ಹಿಡಿದೇ ಏಳುತ್ತಿದ್ದೆ.

ಈಗ 30 ಸೆಕೆಂಡಿಗೆ 13 ಆಗುತ್ತೆ. ಎಡ ಮೊಣಕಾಲು ಈಗಲೂ ಲಟಕ್ ಅನ್ನುತ್ತೆ, ಅನ್ನಲಿ. ಹೋದ ಶ್ರಾವಣದಲ್ಲಿ ಗುಡಿಯ ಪ್ರಸಾದಕ್ಕೆ ನೆಲಕ್ಕೇ ಕೂತಿದ್ದೆ. ಉಂಡಾದ ಮೇಲೆ ಹುಡುಗನೊಬ್ಬ ಕೈ ಚಾಚಿದ. "ನೀ ಆ ಕಡೆ ಸಾರು ಬಡಸು ಹೋಗಪಾ" ಅಂದು, ಎಡಗೈ ಒಂದೇ ಊರಿ ಎದ್ದೆ.