ಐ-20 ಬಂದರೆ ಸಾಲದು: ಅಮೆರಿಕದ ಕಾಲೇಜಿನ ಮಾನ್ಯತೆ ನೋಡುವ ಬಗೆ

ನಮ್ಮಲ್ಲಿ ವಿಶ್ವವಿದ್ಯಾಲಯವೆಂದರೆ ಯುಜಿಸಿ ಪಟ್ಟಿಯಲ್ಲಿ ಹೆಸರಿರಬೇಕು. ಅದರ ಮೇಲೆ ನಾಗರಬಾವಿಯ ನ್ಯಾಕ್ ಕಚೇರಿಯಿಂದ ಬರುವ ಎ ಪ್ಲಸ್, ಬಿ ಪ್ಲಸ್ ಗ್ರೇಡು. ಇದೇ ಲೆಕ್ಕ ಇಟ್ಟುಕೊಂಡು ಅಮೆರಿಕದ ಕಾಲೇಜು ಹುಡುಕಿದರೆ ದಾರಿ ತಪ್ಪುತ್ತದೆ. ಅಲ್ಲಿನ ಕೇಂದ್ರ ಶಿಕ್ಷಣ ಇಲಾಖೆ ತಾನಾಗಿ ಯಾವ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ. ಆ ಕೆಲಸ ಮಾಡುವ ಖಾಸಗಿ ಸಂಸ್ಥೆಗಳಲ್ಲಿ ಯಾವುದು ನಂಬತಕ್ಕದ್ದು ಎಂದು ಮಾತ್ರ ಅದು ಗುರುತಿಸುತ್ತದೆ. ಗ್ರೇಡೂ ಇಲ್ಲ, ಮಾನ್ಯತೆ ಇದೆ ಅಥವಾ ಇಲ್ಲ.

ಒಂದು ಕಾಲೇಜಿನ ಹಿಂದೆ ಮೂರು ಬೇರೆಬೇರೆ ಒಪ್ಪಿಗೆಗಳಿರುತ್ತವೆ. ಪಾಠಶಾಲೆ ನಡೆಸಲು ರಾಜ್ಯ ಸರ್ಕಾರದ ಅನುಮತಿ ಒಂದು. ಓದಿನ ಗುಣಮಟ್ಟಕ್ಕೆ ಮಾನ್ಯತೆ, ಅಂದರೆ ಅಕ್ರೆಡಿಟೇಶನ್, ಇನ್ನೊಂದು. ವಿದೇಶಿ ವಿದ್ಯಾರ್ಥಿಗೆ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪ್ರವೇಶ ಪತ್ರ, ಕೊಡಲು ಸೆವಿಪ್ ಎಂಬ ಸರ್ಕಾರಿ ವಿದ್ಯಾರ್ಥಿ-ವೀಸಾ ವಿಭಾಗದ ಪ್ರಮಾಣಪತ್ರ ಮೂರನೆಯದು. ಎಡವುವುದು ಈ ಮೂರನೆಯದರಲ್ಲೇ. ಐ-20 ಬಂತು, ವೀಸಾ ಆಯಿತು, ಆದ್ದರಿಂದ ಕಾಲೇಜು ಸರಿಯಾದದ್ದೇ ಎಂದು ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ಮಾನ್ಯತೆ ಇಲ್ಲದ ಕಾಲೇಜಿಗೂ ಸೆವಿಪ್ ಸಿಗುವ ದಾರಿಯಿದೆ: ತನ್ನ ಕ್ರೆಡಿಟ್‌ಗಳನ್ನು ಮಾನ್ಯತೆಯುಳ್ಳ ಮೂರು ಸಂಸ್ಥೆಗಳು ಒಪ್ಪುತ್ತವೆ ಎಂದು ತೋರಿಸಿದರೆ ಸಾಕು. 2011ರಲ್ಲಿ ಮುಚ್ಚಿಹೋದ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿಗೆ ಮಾನ್ಯತೆ ಇರಲಿಲ್ಲ, ಐ-20 ಕೊಡುವ ಅಧಿಕಾರ ಮಾತ್ರ ಇತ್ತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಭಾರತದ ಮಕ್ಕಳು.

ನೋಡುವ ಬಗೆ ಸುಲಭ, ಖರ್ಚಿಲ್ಲ. ಶಿಕ್ಷಣ ಇಲಾಖೆಯ 'ಡ್ಯಾಪಿಪ್' (DAPIP) ದತ್ತಾಂಶ ಪುಟ ತೆರೆದು ಕಾಲೇಜಿನ ಪೂರ್ತಿ ಹೆಸರು ಹಾಕಿ. ಹೆಸರುಗಳು ಒಂದರಂತೆ ಒಂದು ಇರುವುದರಿಂದ ಊರು, ರಾಜ್ಯ ಸರಿಹೊಂದುತ್ತದೆಯೇ ನೋಡಿ. ಶಾಖೆಯಲ್ಲಿ ಓದುವುದಾದರೆ ಆ ವಿಳಾಸವೂ ಅಲ್ಲಿರಬೇಕು. ಪುಟದಲ್ಲಿ ಇಡೀ ಸಂಸ್ಥೆಯ ಮಾನ್ಯತೆ ಒಂದು ಕಡೆ, ಕೋರ್ಸಿನ ಮಾನ್ಯತೆ ಇನ್ನೊಂದು ಕಡೆ ಇರುತ್ತದೆ. ಮೊದಲನೆಯದರಲ್ಲಿ ಎಚ್‌ಎಲ್‌ಸಿ, ಸ್ಯಾಕ್‌ಸ್‌ಕಾಕ್ (SACSCOC), ಎಂಎಸ್‌ಸಿಎಚ್‌ಇ, ನೆಕ್‌ಹೀ (NECHE), ಎನ್‌ಡಬ್ಲ್ಯುಸಿಸಿಯು, ಡಬ್ಲ್ಯುಎಸ್‌ಸಿಯುಸಿ, ಎಸಿಸಿಜೆಸಿ ಈ ಮಾನ್ಯತಾ ಸಂಸ್ಥೆಗಳಲ್ಲಿ ಒಂದಿದ್ದರೆ ಗಟ್ಟಿ ಆಧಾರ. ಹಿಂದೆ ಪ್ರದೇಶ ಹಂಚಿಕೊಂಡಿದ್ದ ಸಂಸ್ಥೆಗಳಿವು. 2020ರ ಜುಲೈನಿಂದ ಆ ಗಡಿಯನ್ನು ಇಲಾಖೆ ತೆಗೆದುಹಾಕಿದೆ. ಆದರೂ ಒಂದು ಕಾಲೇಜಿನ ಕ್ರೆಡಿಟ್ ಇನ್ನೊಂದಕ್ಕೆ ವರ್ಗಾಯಿಸುವಾಗ ಇವುಗಳ ಹೆಸರಿಗೆ ಇರುವ ಬೆಲೆ ಬೇರೆ. ಒಪ್ಪುವುದೂ ಬಿಡುವುದೂ ಸೇರಿಸಿಕೊಳ್ಳುವ ಕಾಲೇಜಿನ ಇಷ್ಟ.

ಮುಂದಿನ ಪರಿಶೀಲನೆಯ ದಿನಾಂಕವನ್ನೂ ಗಮನಿಸಿ. ಎಚ್‌ಎಲ್‌ಸಿಯದು 10 ವರ್ಷದ ಸುತ್ತು, ಎನ್‌ಡಬ್ಲ್ಯುಸಿಸಿಯುದು 7. ನಡುವೆ ಹಣಕಾಸು ಹದಗೆಟ್ಟರೆ ಎಚ್ಚರಿಕೆ, ಪ್ರೊಬೇಷನ್ (ನಿಗಾ ಅವಧಿ), ಶೋ-ಕಾಸ್ (ಮಾನ್ಯತೆ ಏಕೆ ರದ್ದು ಮಾಡಬಾರದು ಎಂದು ಕೇಳುವ ನೋಟಿಸು) ಎಂದು ಮೆಟ್ಟಿಲು ಮೆಟ್ಟಿಲಾಗಿ ಶಿಸ್ತುಕ್ರಮ ಬರುತ್ತದೆ. ಪ್ರೊಬೇಷನ್‌ನಲ್ಲಿರುವ ಕಾಲೇಜಿನ ಮಾನ್ಯತೆ ಇನ್ನೂ ಊರ್ಜಿತವೇ. ಶೋ-ಕಾಸ್ ಆಗಿದ್ದರೆ ಮಾತ್ರ ಫೀ ಕಟ್ಟಬೇಡಿ ಎಂಬುದು ನಮ್ಮ ಖಚಿತ ಸಲಹೆ.

ಕೋರ್ಸಿನ ಮಾನ್ಯತೆಯ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಎಂಜಿನಿಯರಿಂಗಿಗೆ ಅಬೆಟ್ ಎಂಬ ಸಂಸ್ಥೆಯ ಮಾನ್ಯತೆ ಇದೆ, ಆದರೆ ಅದು ಬಹುಮಟ್ಟಿಗೆ ಬಿಎಸ್ ಪದವಿಗೆ ಸಂಬಂಧಿಸಿದ್ದು. ಎಂಎಸ್ ಕೋರ್ಸಿಗೆ ಅಬೆಟ್ ಇಲ್ಲದಿದ್ದರೆ ಅದೊಂದು ಕೊರತೆಯಲ್ಲ. ನರ್ಸಿಂಗ್, ಫಾರ್ಮಸಿ, ಕಾನೂನು ಓದುವವರ ಮಾತು ಬೇರೆ: ಅಲ್ಲಿ ಕೋರ್ಸಿನ ಮಾನ್ಯತೆಯ ಮೇಲೆ ಲೈಸೆನ್ಸ್ ನಿಂತಿರುತ್ತದೆ.

ಇಷ್ಟೆಲ್ಲ ಏಕೆ ಎಂದರೆ, ಕೆಲಸದ ವೀಸಾ ಇದರ ಮೇಲೇ ನಿಂತಿದೆ. ಸ್ಟೆಮ್ ಓಪಿಟಿಯ, ಅಂದರೆ ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಅನುಮತಿಯ, 24 ತಿಂಗಳ ವಿಸ್ತರಣೆಗೆ ಮಾನ್ಯತೆಯುಳ್ಳ ಕಾಲೇಜಿನ ಪದವಿ ಬೇಕು. ಎಚ್-1ಬಿಯಲ್ಲಿ ಅಮೆರಿಕದ ಮಾಸ್ಟರ್ಸ್‌ಗೆಂದು ಮೀಸಲಿಟ್ಟ 20,000 ವೀಸಾಗಳಿಗೆ ನಿಯಮ ಇನ್ನೂ ಬಿಗಿ. ಕಾಲೇಜು ಸರ್ಕಾರಿಯದ್ದೋ ಲಾಭರಹಿತವೋ ಆಗಿರಬೇಕು. ಲಾಭಕ್ಕಾಗಿ ನಡೆಯುವ ಕಾಲೇಜಿಗೆ ಮಾನ್ಯತೆ ಇದ್ದರೂ ಈ ಪಾಲು ಸಿಗದು, 65,000ದ ಸಾಮಾನ್ಯ ಪಾಲು ಮಾತ್ರ. ಈ ಮಾಸ್ಟರ್ಸ್ ಪಾಲಿಗೆ ಮಾನ್ಯತೆ ಎಣಿಕೆಗೆ ಬರುವುದು ಪದವಿ ಕೈಗೆ ಬಂದ ದಿನ. ಸೇರುವಾಗ ಇದ್ದು ನಡುವೆ ಹೋದರೂ ಕಷ್ಟ, ಪದವಿ ಮುಗಿದ ಮೇಲೆ ಬಂದರೂ ಪ್ರಯೋಜನವಿಲ್ಲ. ಎಸಿಐಸಿಎಸ್ ಎಂಬ ಮಾನ್ಯತಾ ಸಂಸ್ಥೆಯನ್ನೇ 2022ರಲ್ಲಿ ಇಲಾಖೆ ಅಂತಿಮವಾಗಿ ಕೈಬಿಟ್ಟಾಗ ಅದನ್ನು ನೆಚ್ಚಿದ್ದ ಕಾಲೇಜುಗಳು ಬೇರೆ ಆಸರೆ ಹುಡುಕಬೇಕಾಯಿತು.

ಪಟ್ಟಿಯಲ್ಲಿ ಹೆಸರಿದ್ದರೂ ಕಣ್ಣು ತೆರೆದಿರಲಿ. 2019ರಲ್ಲಿ ಬಯಲಾದ ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿ ಸರ್ಕಾರಿ ಏಜೆಂಟರೇ ಹೂಡಿದ್ದ ಬಲೆ. ಮಾನ್ಯತೆಯ ಪಟ್ಟಿಯಲ್ಲಿ ಅದರ ಹೆಸರಿತ್ತು. ಆದರೆ ತರಗತಿಯಿರಲಿಲ್ಲ, ಅಧ್ಯಾಪಕರಿರಲಿಲ್ಲ. ಮೊದಲ ದಿನದಿಂದಲೇ ಕೆಲಸ ಮಾಡಬಹುದು, ಪಾಠಕ್ಕೆ ಬರಬೇಕಿಲ್ಲ ಎಂದು ಕನ್ಸಲ್ಟೆನ್ಸಿಯವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸೇರುವ ಮುನ್ನ ಒಮ್ಮೆ, ಪದವಿ ಪಡೆದ ವಾರ ಇನ್ನೊಮ್ಮೆ ಡ್ಯಾಪಿಪ್ ಪುಟವನ್ನು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿ, ಮಾರ್ಕ್ಸ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ವೀಸಾ ಅರ್ಜಿಯ ಮೇಲೆ ಪ್ರಶ್ನೆ ಬಂದರೆ ವಕೀಲರು ಮಾನ್ಯತೆಯ ಬಗ್ಗೆ ಮೊದಲು ಕೇಳುವ ಕಾಗದ ಅದೇ.