ಗೆದ್ದ ದಿನ ಏನ್ ಮಾಡ್ಬೇಕು, ಸೋತ ದಿನ ಏನ್ ಮಾಡ್ಬಾರ್ದು

ಇಂಟರ್‌ವ್ಯೂಲಿ ರಿಜೆಕ್ಟ್ ಆಗಿರೋ ಮೇಲ್ ಬಂದಾಗ ಒಂದ್ಸಲ ಓದ್ತೀವಿ, ಫೋನ್ ಜೇಬಿಗೆ ಹಾಕ್ತೀವಿ, ಮತ್ತೆ ತೆಗ್ದು ಅದೇ ಎರಡು ಲೈನ್ ಓದ್ತೀವಿ, ಕೆಳಗಡೆ ಎಲ್ಲಾದ್ರೂ "ಆದ್ರೂ ಪರ್ವಾಗಿಲ್ಲ, ಬನ್ನಿ" ಅಂತ ಬರ್ದಿರ್ಬಹುದೇನೋ ಅನ್ನೋ ಥರ. ನಾನು ಅಂಥದ್ದೊಂದು ಮೇಲನ್ನ ಲಿಫ್ಟ್ ಮುಂದೆ ನಿಂತ್ಕೊಂಡು ಓದ್ತಾ ಇದ್ದಾಗ ಲಿಫ್ಟು ಮೂರು ಸಲ ಬಂದು ಬಾಗಿಲು ತೆಗ್ದು ಹೋಗಿತ್ತು. ಆ ಹೊತ್ತಲ್ಲಿ ಯಾರಾದ್ರೂ ಬಂದು ಸೋಲೇ ಗೆಲುವಿನ ಮೆಟ್ಟಿಲು ಅಂದ್ರೆ ಅವರನ್ನ ಅದೇ ಮೆಟ್ಟಿಲಿಂದ ತಳ್ಳೋಣ ಅನ್ಸತ್ತೆ. ಅದಕ್ಕೆ ಅಂಥದ್ದೆಲ್ಲ ಬಿಟ್ಟು ನನಗೆ ಕೆಲಸಕ್ಕೆ ಬಂದಿರೋದನ್ನ ಮಾತ್ರ ಹೇಳ್ತೀನಿ.

ಮೊದಲನೇ ದಿನ ಯಾವ ತೀರ್ಮಾನಾನೂ ತಗೋಬೇಡಿ. ರಿಪ್ಲೈ ಬೇಡ, ಸ್ಟೇಟಸ್ ಬೇಡ, "ಇನ್ನು ಈ ಫೀಲ್ಡೇ ಬೇಡ" ಅನ್ನೋ ಪ್ರತಿಜ್ಞೆ ಅಂತೂ ಬೇಡ್ವೇ ಬೇಡ. ಗೆದ್ದ ದಿನಕ್ಕೂ ಇದೇ ರೂಲು, ಅದನ್ನ ಎಲ್ಲರೂ ಮರೀತಾರೆ. ಖುಷೀಲಿ "ಆಯ್ತು ಬಿಡಿ, ಅದನ್ನೂ ನಾನೇ ಮಾಡ್ತೀನಿ" ಅಂತ ಒಪ್ಕೊಂಡಿರೋ ಕೆಲಸಗಳನ್ನ ಆಮೇಲೆ ತಿಂಗಳುಗಟ್ಟಲೆ ಒದ್ದಾಡ್ಕೊಂಡು ಮಾಡ್ಬೇಕಾಗತ್ತೆ.

ಯಾಕೆ ಒಂದಿನ ತಡೀಬೇಕು ಅಂದ್ರೆ, ಈ ಫೀಲಿಂಗ್ ಎಷ್ಟು ದಿನ ಇರತ್ತೆ ಅಂತ ಅಂದಾಜು ಮಾಡೋದ್ರಲ್ಲಿ ನಾವೆಲ್ಲ ಡಲ್ಲು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಗಿಲ್ಬರ್ಟ್, ತಿಮೋತಿ ವಿಲ್ಸನ್ ಮತ್ತವರ ಜೊತೆಗಾರರು 1998ರಲ್ಲಿ ಇದನ್ನೇ ನೋಡಿದ್ರು. ಕೆಲಸ ಪರ್ಮನೆಂಟ್ ಆಗತ್ತೋ ಇಲ್ವೋ ಅಂತ ಕಾಯ್ತಿದ್ದ ಯೂನಿವರ್ಸಿಟಿ ಮೇಷ್ಟ್ರುಗಳು, ಆಗದೇ ಇದ್ರೆ ವರ್ಷಗಟ್ಟಲೆ ಕೊರಗ್ತೀವಿ ಅಂದ್ಕೊಂಡಿದ್ರಂತೆ, ಆದ್ರೆ ಹಿಂದಿನ ವರ್ಷಗಳಲ್ಲಿ ಸಿಕ್ಕವರನ್ನೂ ಸಿಗದವರನ್ನೂ ಕೇಳಿ ನೋಡಿದ್ರೆ ಇಬ್ಬರ ಖುಷೀಲೂ ಹೇಳ್ಕೊಳ್ಳೋಂಥ ವ್ಯತ್ಯಾಸ ಇರ್ಲಿಲ್ಲ.

ಮಾರನೇ ದಿನ ಒಂದು ನೋಟ್‌ಬುಕ್ ತಗೊಂಡು ಮಧ್ಯ ಗೆರೆ ಎಳೀರಿ. ಒಂದು ಕಡೆ ನಾನು ಮಾಡಿದ್ದು, ಇನ್ನೊಂದು ಕಡೆ ತಾನಾಗೇ ಆಗಿದ್ದು. ಬರೆಯುವಾಗ ಮೂರು ಪದ ಬಂದ್ರೆ ಹುಷಾರು: "ಯಾವಾಗ್ಲೂ", "ಎಲ್ಲಾ", "ನನ್ನಿಂದ್ಲೇ". ಮಾರ್ಟಿನ್ ಸೆಲಿಗ್ಮನ್ ಅನ್ನೋ ಮನಶ್ಶಾಸ್ತ್ರಜ್ಞರು ಸೋಲನ್ನ ಜನ ತಮಗೆ ತಾವೇ ಹೇಗೆ ವಿವರಿಸ್ಕೊಳ್ತಾರೆ ಅಂತ ನೋಡುವಾಗ ಗುರುತು ಮಾಡಿದ್ದೂ ಹೆಚ್ಚುಕಮ್ಮಿ ಇವನ್ನೇ. ನಾನು ಮೊದಲು ಬರ್ದಿದ್ದು "ನನ್ ಕೈಲಿ ಏನೂ ಆಗಲ್ಲ" ಅಂತ. ಅದನ್ನ ಹೊಡ್ದಾಕಿ ಬರ್ದಿದ್ದು, "ಹಳೇ ಪ್ರಾಜೆಕ್ಟ್‌ನಲ್ಲಿ ಎಷ್ಟು ಟೈಮ್ ಉಳೀತು ಅಂತ ಕೇಳಿದಾಗ ನಂಬರ್ ನೆನಪಾಗ್ದೆ ನಾಲ್ಕು ನಿಮಿಷ ಸುತ್ತಿ ಬಳಸಿ ಮಾತಾಡ್ದೆ". ಮೊದಲನೇದಕ್ಕೆ ಅಳ್ಬೇಕು ಅಷ್ಟೇ, ಎರಡನೇದಕ್ಕೆ ಏನೋ ಮಾಡ್ಬಹುದು.

ಈಗ ನಿಜವಾಗ್ಲೂ ಕಷ್ಟದ ಭಾಗ, ಗೆದ್ದಾಗ್ಲೂ ಇದೇ ಬುಕ್ ತೆಗೀಬೇಕು. ಒಂದು ಪ್ರೆಸೆಂಟೇಶನ್ ಕೊಟ್ಟಿದ್ದೆ, ಎಲ್ಲರೂ ಚಪ್ಪಾಳೆ ತಟ್ಟಿದ್ರು, ನಾನು ನೆಲದ ಮೇಲೆ ಇರ್ಲಿಲ್ಲ. ರಾತ್ರಿ ಸುಮ್ನೆ ಫೈಲ್ ತೆಗ್ದು ನೋಡಿದ್ರೆ ಏಳನೇ ಸ್ಲೈಡಲ್ಲಿ ಟೋಟಲ್ಲೇ ತಪ್ಪು! ಒಬ್ರೂ ಗಮನಿಸಿರ್ಲಿಲ್ಲ. ಬಚಾವಾದೆ ಅಂದ್ಕೊಂಡು ಮುಚ್ಚಿಟ್ಟೆ, ಬರೀಲಿಲ್ಲ. ಮೂರು ತಿಂಗಳಾದ್ಮೇಲೆ ಇನ್ನೊಂದು ಮೀಟಿಂಗಲ್ಲಿ ಅದೇ ಶೀಟಿಂದ ಎತ್ಕೊಂಡ ನಂಬರ್ ಹಾಕಿದ್ದೆ, ಈ ಸಲ ಒಬ್ರು ಕ್ಯಾಲ್ಕುಲೇಟರ್ ತೆಗ್ದೇಬಿಟ್ರು. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಗಿದ್ದನ್ನ ನನ್ನ ಸಾಮರ್ಥ್ಯ ಅಂದ್ಕೊಂಡಿದ್ದೆ ನೋಡಿ. ಸೋತಾಗ ಹತ್ತು ತಪ್ಪು ಹುಡುಕೋ ನಾವು ಗೆದ್ದಾಗ ಒಂದಾದ್ರೂ ಹುಡುಕ್ಬೇಕು. ಹಾಗಂತ ಖುಷಿ ಪಡ್ಬೇಡಿ ಅಂತಲ್ಲ, ಒಂದಿನ ಪೂರ್ತಿ ಕುಣೀರಿ, ಬುಕ್ ಇರೋದು ಮಾರನೇ ದಿನಕ್ಕೆ.

ಜನರ ವಿಷಯ ಜಾಸ್ತಿ ಹೇಳಲ್ಲ, ಗೆದ್ದೆತ್ತಿನ ಬಾಲ ಹಿಡಿಯೋರು ಯಾವಾಗ್ಲೂ ಇರ್ತಾರೆ, ಸೋತಾಗ ಅವರು ಕಾಣಲ್ಲ, ಅದಕ್ಕೆ ಬೇಜಾರು ಮಾಡ್ಕೊಳ್ಳೋದೂ ವೇಸ್ಟು. ಎರಡೂ ಸುದ್ದಿ ಹೇಳ್ಕೊಳ್ಳೋಕೆ ಒಬ್ರು ಇದ್ರೆ ಸಾಕು. ಕೇಳಿದ ತಕ್ಷಣ ತಮ್ಮ ಕಥೆ ಶುರು ಮಾಡೋರನ್ನ ಬಿಟ್ಟು, "ಆಮೇಲೇನಾಯ್ತು?" ಅಂತ ಕೇಳೋರನ್ನ ಹಿಡ್ಕೊಳ್ಳಿ. ಇನ್ನೊಂದು ಮಾತು, ನಿದ್ದೆ ಊಟ ಎರಡೂ ಕೆಟ್ಟು ಎರಡು ವಾರ ಆದ್ರೂ ಸರಿ ಹೋಗ್ದಿದ್ರೆ ನೋಟ್‌ಬುಕ್ ಸಾಕಾಗಲ್ಲ, ಡಾಕ್ಟರ್ ಹತ್ರ ಹೋಗಿ.

ಆ ಇಂಟರ್‌ವ್ಯೂ ಆದ್ಮೇಲೆ ಇನ್ನೊಂದು ಕಡೆ ಹೋಗಿದ್ದೆ, ಅದೇ ಪ್ರಶ್ನೆ ಬಂತು, ಈ ಸಲ ನಂಬರ್ ಬಾಯಲ್ಲೇ ಇತ್ತು. ಆ ಕೆಲಸಾನೂ ಸಿಗ್ಲಿಲ್ಲ. ಬುಕ್ಕಲ್ಲಿ ಈಗ ಬೇರೆ ಲೈನ್ ಇದೆ: "ಸಂಬಳ ಎಷ್ಟು ಬೇಕು ಅಂದಾಗ ಸುಮ್ನೆ ನಕ್ಕುಬಿಟ್ಟೆ."